ಗಿರಿಜಾಳ ಡಬ್ಬಿಯೂ ನಮ್ಮನೆ ವೈಫೈಯೂ

"ಶೀಲಮ್ಮ, ಇನ್ಮೇಲೆ ನಿಮ್ ಲ್ಯಾಪ್‌ಟಾಪಲ್ಲಿ ಇಂಟರ್ನೆಟ್ ನಿಲ್ಲಲ್ಲ. ನೀವೇ ನಿಲ್ಲಿಸ್ತೀನಿ ಅಂದ್ರೂ ನಿಲ್ಲಲ್ಲ!"

ಹೀಗೆಂದು ಪಕ್ಕದ ಮನೆಯ ಪಾಲಾಕ್ಷಣ್ಣ ತಮ್ಮ ಹೊಸ ಯಂತ್ರವನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಧೊಪ್ಪನೆ ಇಟ್ಟರು. ಆ ರಭಸಕ್ಕೆ ಒಗ್ಗರಣೆ ಡಬ್ಬಿಯ ಸಾಸಿವೆಯೆಲ್ಲ ಎಗರಿ ಜೀರಿಗೆಯ ಬಟ್ಟಲಿಗೆ ಬಿತ್ತು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಪಾಲಾಕ್ಷಣ್ಣ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಮ್ಮ ಅರಸೀಕೆರೆಯಲ್ಲೇ ನಿವೃತ್ತರಾದವರು. ಅವರಿಗೆ ಬಿಡುವು ಸಿಕ್ಕಿದ ದಿನದಿಂದ ನಮ್ಮ ಬೀದಿಗೆ ಬಿಡುವಿಲ್ಲ. ಅವರ ರಂಗೋಲಿ ಹಾಕುವ ಯಂತ್ರ ಒಮ್ಮೆ ಮಲಗಿದ್ದ ಎಮ್ಮೆಯ ಬೆನ್ನ ಮೇಲೂ ಎಂಟು ಚುಕ್ಕಿ ಇಟ್ಟು ಎಳೆ ಎಳೆದಿತ್ತು. ಆದರೂ ಮನುಷ್ಯ ಒಳ್ಳೆಯವರು. ಯಾರಿಗಾದರೂ ಕಷ್ಟ ಎಂದರೆ ಓಡಿಬರುತ್ತಾರೆ. ಅವರು ಬಂದ ಮೇಲೆ ಕಷ್ಟ ಎರಡಾಗುತ್ತದೆ, ಅಷ್ಟೇ.

ಅಂದು ನನ್ನ ಕಷ್ಟ ಮೊದಲೇ ದೊಡ್ಡದಿತ್ತು. ನಮ್ಮ ಬೀದಿಯ ಏಳು ಮನೆಯ ಹೆಂಗಸರು ಸೇರಿ ಚಕ್ಕುಲಿ, ಕೋಡುಬಳೆ, ಸಂಡಿಗೆ ಮಾಡಿ ಮಾರುತ್ತೇವೆ. ಹಬ್ಬದ ತಿಂಗಳಲ್ಲಿ ಕೈಗೆ ಬಿಡುವಿಲ್ಲ, ಉಳಿದ ತಿಂಗಳಲ್ಲಿ ಕೈಗೆ ಕೆಲಸವಿಲ್ಲ. ಹೀಗಿರುವಾಗ ಊರೂರಲ್ಲಿ ಹೋಟೆಲ್ ಇರುವ ಒಂದು ಕಂಪನಿ ವರ್ಷಪೂರ್ತಿ ನಮ್ಮ ತಿಂಡಿಯನ್ನೇ ಕೊಳ್ಳುವ ಮಾತಾಡಿತ್ತು. ಕಂಪನಿಯ ವಿನುತಾ ಮೇಡಂ ಲ್ಯಾಪ್‌ಟಾಪಿನಲ್ಲಿ ಮುಖ ನೋಡಿ ಮಾತಾಡಿದ ಮೇಲೆಯೇ ಒಪ್ಪಂದ. ಆದರೆ ಎರಡು ಸಲವೂ ಕರೆ ಕಡಿದುಹೋಯಿತು. ಮೊದಲ ಸಲ ನಾನು ಬಾಯಿ ತೆರೆದಿದ್ದಾಗಲೇ ಚಿತ್ರ ನಿಂತುಬಿಟ್ಟು, ಪಾಪ, ಮೇಡಂ ಹತ್ತು ನಿಮಿಷ ನನ್ನ ದವಡೆ ಹಲ್ಲು ನೋಡಿಕೊಂಡು ಕೂತಿದ್ದರಂತೆ! "ಗುರುವಾರ ಹನ್ನೊಂದು ಗಂಟೆಗೆ ಕೊನೇ ಸಲ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದಿದ್ದರು.

ನಾನೂ ಸುಮ್ಮನಿರಲಿಲ್ಲ. ವೈಫೈ ಆರಿಸಿ ಹಾಕಿದೆ. ಪಾಸ್‌ವರ್ಡ್ ಅಳಿಸಿ ಮತ್ತೆ ಹೊಡೆದೆ. ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ. ವೈಫೈ ಪೆಟ್ಟಿಗೆಯನ್ನಂತೂ ಧೂಳು, ಜಿರಳೆ, ಕೆಟ್ಟ ಕಣ್ಣು ಯಾವುದೂ ತಾಕದ ಜಾಗದಲ್ಲಿ ಇಟ್ಟು ಕಾಪಾಡಿದ್ದೆ. ಇಷ್ಟಾದರೂ ನಾಲ್ಕು ಗೆರೆ ತೋರಿಸಬೇಕಾದಲ್ಲಿ ಒಂದೇ ಗೆರೆ. ಅದೂ ಬಂದು ಹೋಗಿ ಮಾಡುತ್ತಿತ್ತು.

ಆ ಗುರುವಾರ ಹತ್ತು ಗಂಟೆಗೆ ಬಂದದ್ದು ಈ ಯಂತ್ರ. ಕೆಳಗೆ ಒಂದು ಪ್ರೆಶರ್ ಕುಕ್ಕರ್, ಅದರ ಮುಚ್ಚಳದ ಮೇಲೆ ಫ್ಯಾನಿನ ಮೋಟಾರು, ಎರಡು ಬದಿಗೆ ಒಂದು ಕೆಂಪು ದೀಪ, ಒಂದು ಹಸಿರು ದೀಪ. ಸುತ್ತಲೂ ಜಡೆ ಬಿಚ್ಚಿದ ಹಾಗೆ ಇಪ್ಪತ್ತು ವೈರು, ಒಂದೊಂದರ ತುದಿಗೂ ಒಂದೊಂದು ಕ್ಲಿಪ್ಪು.

"ಇದರ ಹೆಸರು ತರಂಗಾಕರ್ಷಿಣಿ!" ಎಂದರು ಪಾಲಾಕ್ಷಣ್ಣ.

"ಕುಕ್ಕರ್ ಎಲ್ಲೋ ನೋಡಿದ ಹಾಗಿದೆಯಲ್ಲ?"

"ಅದು ಬಿಡಿ. ಈಗ ಕೇಳಿ, ಲೋಹಕ್ಕೆ ನೆನಪಿರುತ್ತೆ ಶೀಲಮ್ಮ! ಒಂದು ಪಾತ್ರೆ ವರ್ಷಗಟ್ಟಲೆ ಒಂದು ಮನೇಲಿ ಬಾಳಿದ್ರೆ ಆ ಮನೇಲಿ ಓಡಾಡೋ ಅಲೆಯೆಲ್ಲ ಅದಕ್ಕೆ ಗುರುತಿರುತ್ತೆ. ಆ ನೆನಪನ್ನ ಎಬ್ಬಿಸಿದ್ರೆ ಸಾಕು, ಪಾತ್ರೆ ತನ್ನ ಮನೆ ಅಲೆಯನ್ನ ತಾನೇ ಹುಡುಕಿ ಎಳ್ಕೊಂಡು ಬರುತ್ತೆ. ನಿಮ್ಮನೆ ಪಾತ್ರೆ, ನಿಮ್ಮನೆ ವೈಫೈ. ಎಷ್ಟು ಪಾತ್ರೆಯೋ ಅಷ್ಟು ಬಲ! ಶೆಲ್ಫಲ್ಲಿರೋ ಪಾತ್ರೆ ಎಲ್ಲಾ ನಿಮ್ದೇ ತಾನೆ?"

"ಇನ್ಯಾರದು?" ಎಂದೆ, ತುಸು ಜೋರಾಗಿಯೇ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬೀದಿಯಲ್ಲಿ ಒಬ್ಬರ ಮನೆಯಿಂದ ಡಬ್ಬಿಯಲ್ಲಿ ಪಲ್ಯ ಬಂದರೆ ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲ. ಏನಾದರೂ ಮಾಡಿದಾಗ ತುಂಬಿಸಿ ಕೊಡೋಣವೆಂದು ಶೆಲ್ಫಿನಲ್ಲಿಡುತ್ತೇವೆ. ನಾಳೆ, ನಾಡಿದ್ದು, ದೀಪಾವಳಿ, ಯುಗಾದಿ ಎನ್ನುವಷ್ಟರಲ್ಲಿ ಡಬ್ಬಿ ನಮ್ಮ ಮನೆಗೇ ಹೊಂದಿಕೊಂಡುಬಿಡುತ್ತದೆ. ನನ್ನ ಶೆಲ್ಫಿನಲ್ಲಿ ಅರುವತ್ತು ಪಾತ್ರೆಗಳಿದ್ದವು. ಎದುರು ಮನೆಯ ಗಿರಿಜಾ, "ಶೀಲಾ, ನನ್ನ ತವರಿನ ಡಬ್ಬಿ ನಿನ್ ಹತ್ರ ಇದೆಯೇನೇ?" ಎಂದು ಆರು ವರ್ಷದಿಂದ ಕೇಳುತ್ತಿದ್ದಳು. "ಇಲ್ಲ ಕಣೇ" ಎಂದು ನಾನೂ ಆರು ವರ್ಷದಿಂದ ಹೇಳುತ್ತಿದ್ದೆ. ಯಾವ ಡಬ್ಬಿ ಎಂದು ಗೊತ್ತಾಗುವುದಾದರೂ ಹೇಗೆ? ಅದರ ಮೇಲೆ ಕೊರೆಸಿದ್ದ ಹೆಸರು ನಾನು ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ನಾನು ಅಷ್ಟು ಶುಚಿ.

ಪಾಲಾಕ್ಷಣ್ಣ ಇಪ್ಪತ್ತು ಪಾತ್ರೆಗಳಿಗೆ ಕ್ಲಿಪ್ಪು ಹಾಕಿ ಸ್ವಿಚ್ಚು ಒತ್ತಿದರು. ಕುಕ್ಕರ್ ಗುಂಯ್ ಎಂದಿತು. ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಎರಡಾಯಿತು, ಮೂರಾಯಿತು, ನಾಲ್ಕಾಯಿತು... ಐದಾಯಿತು!

"ಪಾಲಾಕ್ಷಣ್ಣ, ಇರೋದೇ ನಾಲ್ಕು ಗೆರೆಯಲ್ವಾ?"

"ಅದೇ ನನ್ನ ಯಂತ್ರದ ಹೆಚ್ಚುಗಾರಿಕೆ!"

ಸರಿಯಾಗಿ ಹನ್ನೊಂದಕ್ಕೆ ವಿನುತಾ ಮೇಡಂ ಬಂದರು. ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟ! "ನಮಸ್ಕಾರ ಶೀಲಾ ಅವರೇ. ತಿಂಡಿ ರುಚಿಯಾಗಿದೆ. ಆದ್ರೆ ನೀವೆಲ್ಲ ಬೇರೆ ಬೇರೆ ಮನೇಲಿ ಮಾಡ್ತೀರಂತೆ. ಆ ಅಡುಗೆಮನೆಗಳು ಹೇಗಿವೆ ಅಂತ ನಂಗೆ ಗೊತ್ತಾಗ್ಬೇಕು."

"ಒಂದು ದಿನ ಬಿಡುವು ಮಾಡ್ಕೊಂಡು ಬನ್ನಿ ಮೇಡಂ, ಎಲ್ಲಾ ತೋರಿಸ್ತೀವಿ" ಎಂದೆ.

ಅಷ್ಟರಲ್ಲಿ ಮೇಡಂ ಮುಖದ ಪಕ್ಕದಲ್ಲಿ ಇನ್ನೊಂದು ಚೌಕ ತೆರೆದುಕೊಂಡಿತು. ಅದರಲ್ಲಿ ಗಿರಿಜಾಳ ಅಡುಗೆಮನೆ! ಗಿರಿಜಾ ಚಕ್ಕುಲಿ ಒತ್ತುತ್ತಾ ತನ್ನ ನಾದಿನಿಗೆ ಹೇಳುತ್ತಿದ್ದಳು: "ಈಗ ರೇಷ್ಮೆ ಸೀರೆ ಉಟ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರ್ತಾಳೆ ನೋಡು ಶೀಲಾ. ಮೇಡಂಗೆ ಕಾಣೋದು ಮುಖ ಅಷ್ಟೇ, ಸೀರೆ ಯಾಕೆ ಬೇಕಿತ್ತು?"

ಆ ಚೌಕ ಮುಚ್ಚುವುದು ಹೇಗೆಂದು ತಿಳಿಯದೆ, "ಗಿರಿಜಾ! ಸುಮ್ನಿರೇ!" ಎಂದು ಕೂಗಿಬಿಟ್ಟೆ.

ಅಲ್ಲಿ ಗಿರಿಜಾ ಬೆಚ್ಚಿಬಿದ್ದು ಚಕ್ಕುಲಿ ಒರಳು ಕೈಬಿಟ್ಟಳು. ಸುತ್ತ ನೋಡಿದಳು. "ಯಾರದು?"

"ನಾನು ಕಣೇ, ಶೀಲಾ!"

"ಎಲ್ಲಿದೀಯೇ? ಕಾಣ್ತಾನೇ ಇಲ್ವಲ್ಲ!"

"ನಿನ್ನ ತವರಿನ ಡಬ್ಬಿಯಿಂದ ಮಾತಾಡ್ತಿದೀನಿ!"

ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟಳು. "ಆಹಾ! ಅಂದ್ರೆ ಅದು ನಿನ್ ಹತ್ರಾನೇ ಇದೆ! ಬಂದೆ, ಇರು!"

"ಪಾಲಾಕ್ಷಣ್ಣ, ಆರಿಸ್ರೀ!" ಎಂದೆ.

"ಆರೋ ಹಾಗೆ ಮಾಡಿಲ್ಲ! ನಿಲ್ಲಬಾರದು ಅಂತ ನೀವೇ ತಾನೆ ಕೇಳಿದ್ದು?"

ಎರಡನೆಯ ಚೌಕ ತೆರೆಯಿತು. ಮೂಲೆಮನೆ ಭಾಗ್ಯಮ್ಮನ ಅಡುಗೆಮನೆ. ಆಕೆ ಸಂಡಿಗೆ ಹಿಟ್ಟು ಕುದಿಸುತ್ತಿದ್ದರೆ, ಸಕ್ಕರೆ ಕಾಯಿಲೆಗೆ ಪಥ್ಯ ಹಿಡಿದಿದ್ದೇನೆಂದು ಊರಿಗೆಲ್ಲ ಸಾರಿದ್ದ ಅವರ ಯಜಮಾನರು ಬೆನ್ನ ಹಿಂದೆ ನಿಂತು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದರು. ಮೂರನೆಯ ಚೌಕ ಪಾಲಾಕ್ಷಣ್ಣನ ಮನೆಯದೇ. ಅವರ ಹೆಂಡತಿ ಸರ್ವಮಂಗಳಮ್ಮ ಬೇಳೆಯನ್ನು ಬರಿಯ ಪಾತ್ರೆಯಲ್ಲಿ ಬೇಯಿಸುತ್ತಾ ಗೊಣಗುತ್ತಿದ್ದರು: "ಒಂದು ಕುಕ್ಕರ್ ರಿಪೇರಿಗೆ ಹದಿನೈದು ದಿನ ಬೇಕೇನ್ರೀ?"

ಪಾಲಾಕ್ಷಣ್ಣ ನನ್ನ ಸ್ಟೂಲಿನ ಹಿಂದೆ ಬಗ್ಗಿ ಕೂತರು. ಕುಕ್ಕರ್ ಎಲ್ಲಿ ನೋಡಿದ್ದೆನೆಂದು ನನಗೆ ಆಗ ಹೊಳೆಯಿತು.

ನಾಲ್ಕು, ಐದು, ಆರು! ಬೀದಿಯ ಅಡುಗೆಮನೆಗಳೆಲ್ಲ ಸಾಲಾಗಿ ಬಂದು ಕೂತವು. ನಡುವೆ ವಿನುತಾ ಮೇಡಂ ಕಣ್ಣು ಪಿಳುಕಿಸುತ್ತಾ, "ಶೀಲಾ ಅವರೇ, ಇವರೆಲ್ಲ ಯಾರು?" ಎನ್ನುತ್ತಿದ್ದರು. ನಾನು ಉತ್ತರಿಸುವ ಮೊದಲೇ ಎಲ್ಲಕ್ಕಿಂತ ದೊಡ್ಡ ಚೌಕ ತೆರೆದುಕೊಂಡಿತು. ಆಳೆತ್ತರದ ಹಂಡೆಗಳು, ಹೊಗೆ, ಹತ್ತು ಜನ ಭಟ್ಟರು!

"ಸಾರಿಗೆ ಉಪ್ಪು ಎರಡ್ನೇ ಸಲ ಹಾಕಿದ್ದು ಯಾರೋ? ಗಂಡಿನ ಕಡೆಯವರು ಪಂಕ್ತೀಲಿ ಕೂತಾಯ್ತು!"

ಅಯ್ಯೋ ದೇವರೇ! ಶೆಲ್ಫಿನಲ್ಲಿ ತೂಗುಹಾಕಿದ್ದ ಉದ್ದನೆಯ ಸೌಟು! ಭಾಗ್ಯಮ್ಮನ ಮಗಳ ಮದುವೆಯಲ್ಲಿ ಬಡಿಸಲು ಹೋಗಿದ್ದಾಗ ಕಲ್ಯಾಣ ಮಂಟಪದಿಂದ ನನ್ನ ಚೀಲದಲ್ಲಿ ಅದು ಹೇಗೋ ಬಂದುಬಿಟ್ಟಿತ್ತು.

ಆಗ ಬಾಗಿಲು ಧಡಾರನೆ ತೆರೆಯಿತು. ಗಿರಿಜಾ! ಹಿಟ್ಟಿನ ಕೈಯಲ್ಲೇ ನುಗ್ಗಿ ಬಂದು ತನ್ನ ಡಬ್ಬಿಯನ್ನು ಗಬಕ್ಕನೆ ಹಿಡಿದಳು.

"ಎಳೀಬೇಡಿ! ನೆನಪು ಪೂರ್ತಿ ಎದ್ದುಬಿಡುತ್ತೆ!" ಎಂದು ಪಾಲಾಕ್ಷಣ್ಣ ಕೂಗಿದರು.

"ಆರು ವರ್ಷ ಕಣ್ರೀ!" ಎಂದು ಗಿರಿಜಾ ಎಳೆದೇಬಿಟ್ಟಳು.

ಕೆಂಪು ದೀಪ ಹತ್ತಿತು. ಕುಕ್ಕರ್ ಒಂದು ಸೀಟಿ ಹೊಡೆಯಿತು. ಎರಡು. ಮೂರನೆಯ ಸೀಟಿಗೆ ಶೆಲ್ಫಿನ ಪಾತ್ರೆಗಳೆಲ್ಲ ಗಡಗಡ ನಡುಗಿ, ಕ್ಲಿಪ್ಪು ಕಿತ್ತುಕೊಂಡು ನೆಲಕ್ಕೆ ಹಾರಿದವು. ಬಿದ್ದ ಮೇಲೆ ಸುಮ್ಮನಿರಬೇಕಲ್ಲ? ಇಲ್ಲ! ಉರುಳಿಕೊಂಡು ಹೊಸಿಲು ದಾಟಿ ಬೀದಿಗೆ ಹೊರಟವು! ನಾವು ಮೂವರೂ ಬಾಯಿ ಬಿಟ್ಟುಕೊಂಡು ಬಾಗಿಲಿಗೆ ಓಡಿದೆವು.

ಬೀದಿಯಲ್ಲಿ ಕಂಡದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ತಟ್ಟೆಗಳು ಚಕ್ರದಂತೆ ನಿಂತು ಉರುಳುತ್ತಿದ್ದವು. ಲೋಟಗಳು ಬಾತುಕೋಳಿಗಳ ಹಾಗೆ ಸಾಲು ಹಿಡಿದಿದ್ದವು. ತಿರುವಿನಲ್ಲಿ ಎರಡು ಬೋಗುಣಿಗಳು ಎದುರಾಗಿ, ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಮುಂದೆ ಹೋದವು. ಒಂದು ಆಟೋ ನಿಂತೇಬಿಟ್ಟಿತು. ಸೌಟಂತೂ ಕುಪ್ಪಳಿಸುತ್ತಾ ಕಲ್ಯಾಣ ಮಂಟಪದ ದಾರಿ ಹಿಡಿಯಿತು. ಗಿರಿಜಾಳ ಡಬ್ಬಿ ಅವಳ ಕೈಯಿಂದಲೇ ಜಾರಿ, ಅವಳನ್ನು ಇಲ್ಲೇ ಬಿಟ್ಟು, ಅವಳ ಮನೆಯೊಳಗೆ ಹೋಯಿತು. ಕೊನೆಯಲ್ಲಿ ವೈರುಗಳನ್ನು ಎಳೆದುಕೊಂಡು ಕುಕ್ಕರ್ ಹೊರಟಿತು. ಅದನ್ನು ಹಿಡಿಯಲು ಪಾಲಾಕ್ಷಣ್ಣ ಓಡಿದರು. ಪಕ್ಕದ ಮನೆಯಿಂದ, "ಇದೇನಾ ರಿಪೇರಿ?" ಎಂಬ ದನಿ ಕೇಳಿಸಿತು.

ಇನ್ನೊಂದು ಅಚ್ಚರಿಯೆಂದರೆ, ಎದುರಿನಿಂದಲೂ ಪಾತ್ರೆಗಳು ಉರುಳಿ ಬರುತ್ತಿದ್ದವು. ನನ್ನವೇ! ಹನ್ನೊಂದು! ಗಿರಿಜಾಳ ಮನೆಯಿಂದಲೇ ನಾಲ್ಕು! ನಾನು ಗಿರಿಜಾಳ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

ಅಷ್ಟರಲ್ಲಿ ನನಗೆ ಮೇಡಂ ನೆನಪಾಯಿತು. ಮುಗಿಯಿತು ಎಂದುಕೊಂಡೆ. ಏಳು ಮನೆಯ ಕೆಲಸ ಮೂರು ಸೀಟಿಗೆ ಹೋಯಿತಲ್ಲ! ಕಣ್ಣೀರು ತುಂಬಿಕೊಂಡು ಒಳಗೆ ಬಂದರೆ ಮೇಡಂ ಪರದೆಯ ಮೇಲೆ ಹಾಗೆಯೇ ಕೂತಿದ್ದರು. ಯಂತ್ರವಿಲ್ಲ, ವೈರಿಲ್ಲ, ಆದರೂ ನಾಲ್ಕು ಗೆರೆ! ಖಾಲಿ ಶೆಲ್ಫಿನ ಹಿಂದೆ ನನ್ನ ವೈಫೈ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಅದನ್ನು ನಾನು ಕಾಪಾಡಿದ್ದು ಅಲೆಗೆ ಅಡ್ಡಗೋಡೆಯಾಗಿದ್ದ ಅರುವತ್ತು ಸ್ಟೀಲು ಪಾತ್ರೆಗಳ ಹಿಂದೆ!

"ಶೀಲಾ ಅವರೇ," ಎಂದರು ಮೇಡಂ, "ಹೇಳಿ ಹೋದ್ರೆ ಯಾರಾದ್ರೂ ಅಡುಗೆಮನೆ ತೊಳೆದು ತೋರಿಸ್ತಾರೆ. ನೀವು ಹೇಳದೆ ಕೇಳದೆ ತೋರಿಸಿಬಿಟ್ರಿ. ಎಲ್ಲಾ ಚೊಕ್ಕಟವಾಗಿವೆ. ಅದ್ರಲ್ಲೂ ಆ ದೊಡ್ಡ ಅಡುಗೆಮನೆ ಇದೆಯಲ್ಲ, ಹಂಡೆ ಇದ್ದದ್ದು, ಅದು ಯಾರದು?"

ನಮ್ಮದೇ ಎಂದಿದ್ದರೆ ದೊಡ್ಡ ಒಪ್ಪಂದವೇ ಆಗುತ್ತಿತ್ತೇನೋ. ಆದರೆ ಆ ದಿನ ಡಬ್ಬಿಯ ಸುಳ್ಳೇ ಸಾಕಾಗಿತ್ತು.

"ಅದು ನಮ್ದಲ್ಲ ಮೇಡಂ. ನಮ್ಮ ಹತ್ರ ಇದ್ದದ್ದು ಸೌಟು ಮಾತ್ರ."

ಮೇಡಂ ನಕ್ಕೇ ನಕ್ಕರು. "ಇಷ್ಟು ನಿಜ ಹೇಳೋರಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ? ಬರೋ ತಿಂಗಳಿಂದ ಶುರು ಮಾಡಿ." ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ ಗಿರಿಜಾ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ರೇಷ್ಮೆ ಸೀರೆ ಹಾಳಾಯಿತು.

ಅಲ್ಲಿಂದ ಮುಂದೆ ನಮ್ಮ ವೈಫೈ ಒಂದು ದಿನವೂ ಕೈಕೊಡಲಿಲ್ಲ. ಆದರೆ ಬೀದಿ ಬಿಕೋ ಎನ್ನತೊಡಗಿತು. ಯಾರ ಮನೆಯಲ್ಲೂ ಯಾರ ಪಾತ್ರೆಯೂ ಇಲ್ಲ, ಹಾಗಾಗಿ ಯಾರ ಮನೆಗೂ ಏನೂ ಹೋಗುತ್ತಿಲ್ಲ. ಹತ್ತು ದಿನ ನಾನು ಮಾಡಿದ ಪಲ್ಯವನ್ನು ನಾನೇ ತಿಂದೆ. ಹನ್ನೊಂದನೆಯ ದಿನ ಎದುರು ಮನೆಯಿಂದ ಬಿಸಿ ಒಬ್ಬಟ್ಟು ಬಂತು, ಅದೇ ತವರಿನ ಡಬ್ಬಿಯಲ್ಲಿ. ಈಗ ಅದರ ಮೇಲೆ ಹೆಸರನ್ನು ಆಳವಾಗಿ ಕೊರೆಸಿದ್ದಳು.

ಒಬ್ಬಟ್ಟು ತಿಂದು, ಡಬ್ಬಿ ಉಜ್ಜಿ ತೊಳೆದು ಶೆಲ್ಫಿನಲ್ಲಿಟ್ಟೆ. ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಕಡಿಮೆಯಾಯಿತು.

ಇರಲಿ. ಇನ್ನೂ ಮೂರು ಗೆರೆ ಇದೆ. ದೀಪಾವಳಿಗೆ ಕೊಟ್ಟರಾಯಿತು.