ಇಸ್ತ್ರಿಗೂ ಬಿಸಿಯಾಗದ ಕಾಲು

ಟೈಲರ್ ಎಡಗಾಲಿನ ಹೆಬ್ಬೆರಳನ್ನು ಮೇಜಿಗೆ ಬಡಿಸಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಕಡಲೆಕಾಳಿನಷ್ಟು ಗಾಯ, ಮಾಗುವ ಮಾತೇ ಇಲ್ಲ. ಸಕ್ಕರೆ ಕಾಯಿಲೆಯೋ, ಹತ್ತು ವರ್ಷದಿಂದ ಮನೆಯಲ್ಲೇ ಬೀಡುಬಿಟ್ಟ ನೆಂಟ. ಆದರೂ ಡಾಕ್ಟರ ಹೆಸರೆತ್ತಿದರೆ ಅವನು ಮಾತು ಮರೆಸುತ್ತಿದ್ದ. ಬೆರಳು ತೆಗೀಬೇಕು ಎಂದುಬಿಟ್ಟರೆ? ಮಷೀನು ತುಳಿಯದೆ ಸೋಮವಾರದೊಳಗೆ ನಲವತ್ತು ಯೂನಿಫಾರಂ ಮುಗಿಯುವುದು ಹೇಗೆ?

"ಇವತ್ತು ನೀವಾಗಿ ಹೋದ್ರೆ ಸರಿ, ಇಲ್ದಿದ್ರೆ ನಾನೇ ಎಳ್ಕೊಂಡು ಹೋಗ್ತೀನಿ," ಎಂದಳು ಹೆಂಡತಿ.

ಅವನು ಅಂಗಡಿಗೆ ಓಡಿಬಂದ. ಪಕ್ಕದ ಇಸ್ತ್ರಿಯವನು ಗಾಯ ನೋಡಲೆಂದು ಪಾದ ಮುಟ್ಟಿ ಬೆಚ್ಚಿದ. "ಅಯ್ಯಪ್ಪಾ, ಏನಣ್ಣಾ ಇಷ್ಟು ತಣ್ಣಗಿದೆ! ರಕ್ತಾನೇ ಇಳೀತಿಲ್ಲ. ಸ್ವಲ್ಪ ಶಾಖ ಕೊಡೋಣ, ಇರಿ."

ಪಾದದ ಮೇಲೆ ಟವೆಲು, ಟವೆಲಿನ ಮೇಲೆ ಇಸ್ತ್ರಿಪೆಟ್ಟಿಗೆ.

"ಬಿಸಿ ಆಯ್ತಾ?"

"ಇಲ್ಲ."

"ಈಗ?"

"ಊಹೂಂ. ವಿಚಿತ್ರ ಅಲ್ವಾ?"

ಇಪ್ಪತ್ತು ವರ್ಷ ಊರಿನ ಪ್ಯಾಂಟುಗಳನ್ನೆಲ್ಲ ನೆಟ್ಟಗೆ ಮಾಡಿದವನಿಗೆ ಭಾರೀ ಅವಮಾನವಾಯಿತು. "ನನ್ನ ಪೆಟ್ಟಿಗೇಲಿ ಬಿಸಿ ಇಲ್ಲ ಅಂತೀರಾ? ನೋಡೇ ಬಿಡೋಣ!" ಎಂದು ಕೆಂಡ ಕೆದಕಿ ಊದಿ, ಪೆಟ್ಟಿಗೆಯನ್ನು ಮತ್ತೆ ಪಾದದ ಮೇಲಿಟ್ಟ.

ಟೈಲರ್ ಆರಾಮವಾಗಿ ಗುಂಡಿ ಹೊಲಿಯುತ್ತ ಕೂತ. ಸ್ವಲ್ಪ ಹೊತ್ತಿಗೆ ಕಮರು ವಾಸನೆ.

"ಯಾರ ಬಟ್ಟೆ ಸುಟ್ಯೋ?" ಎಂದ ಟೈಲರ್. ಇಬ್ಬರೂ ಅತ್ತಿತ್ತ ಹುಡುಕಿದರು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಚೀರಿದಳು. "ಬಟ್ಟೆ ಅಲ್ಲ, ನಿಮ್ಮ ಕಾಲು ಕಣ್ರೀ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾದದ ನಾಡಿ ಹುಡುಕಿ ಹುಡುಕಿ ಹಿಡಿದರು. "ಸಕ್ಕರೆ ನರಗಳನ್ನ ಮರಗಟ್ಟಿಸಿದೆ, ಅದಕ್ಕೇ ಬಿಸಿ ಗೊತ್ತಾಗಿಲ್ಲ. ರಕ್ತಾನೇ ಸರಿಯಾಗಿ ಬರದಿದ್ರೆ ಗಾಯ ಹೇಗ್ರೀ ಮಾಗುತ್ತೆ?"

"ಬೆರಳು...?" ಎಂದ ಟೈಲರ್.

"ಸದ್ಯ, ಉಳಿಸಬಹುದು. ಆದ್ರೆ ಈ ಕಾಲನ್ನ ಒಂದು ತಿಂಗಳು ನೆಲಕ್ಕೆ ಊರೋ ಹಾಗಿಲ್ಲ."

ಟೈಲರಿಗೆ ಹೋದ ಜೀವ ಬಂದಂತಾಯಿತು. "ಬಲಗಾಲು ಇದೆಯಲ್ಲ ಡಾಕ್ಟ್ರೇ! ಒಂದೇ ಕಾಲಲ್ಲಿ ತುಳೀತೀನಿ. ಇದಕ್ಕೆ ನೋವು ಅನ್ನೋದೇ ಗೊತ್ತಿಲ್ಲ, ನೋಡಿ ಬೇಕಾದ್ರೆ!" ಎಂದು ಹೆಮ್ಮೆಯಿಂದ ಚಾಚಿದ.

ಡಾಕ್ಟರಮ್ಮ ಚಪ್ಪಲಿ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಬಗ್ಗಿ ನೋಡಿದ ಹೆಂಡತಿ ಗೋಡೆ ಹಿಡಿದುಕೊಂಡಳು. ಮಷೀನಿನ ಸೂಜಿಯೊಂದು ಅಟ್ಟೆಯನ್ನು ತೂರಿ ಹಿಮ್ಮಡಿಯೊಳಗೆ ನೆಟ್ಟಗೆ ಹೊಕ್ಕು ಕೂತಿತ್ತು.

"ಇದೂ ಒಂದು ತಿಂಗಳು," ಎಂದರು ಡಾಕ್ಟರಮ್ಮ. "ಯಾವಾಗ ಚುಚ್ಚಿದ್ದು?"

ಟೈಲರ್ ಪೆಚ್ಚಾಗಿ ಚಪ್ಪಲಿಯನ್ನೇ ನೋಡಿದ. "ಗೊತ್ತಿಲ್ಲ ಡಾಕ್ಟ್ರೇ. ಬೆಳಗ್ಗಿಂದ ಕಾಲಿಗೆ ಎಷ್ಟು ಚೆನ್ನಾಗಿ ಕೂತಿದೆ, ಒಂದು ಚೂರೂ ಜಾರ್ತಿಲ್ವಲ್ಲಾ ಅಂತ ಖುಷಿಯಾಗಿದ್ದೆ."