ಮಿಡತೆಗೆ ಚೈನು

ಮಗಳಿಗೆ ಹೆಸರಿಡುವ ದಿನವೇ ಚಲುವರಾಜುವಿನ ಬೈಕು ಕೈಕೊಟ್ಟಿತು. ಗರಿಗರಿ ಬಿಳಿ ಶರಟು ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಒದ್ದು ಸ್ಟಾರ್ಟ್ ಮಾಡಿ ಗೇರು ಹಾಕಿದ್ದೇ ತಡ, ಟಣ್ಣೆಂದು ಸದ್ದಾಗಿ ಚೈನು ತುಂಡಾಯಿತು. ಅಂಗಳದ ಕೆಸರಿನಲ್ಲಿ ಸತ್ತ ಹಾವಿನ ಹಾಗೆ ಬಿದ್ದುಕೊಂಡಿತು.

ಅದು ಎಲ್ಲರ ಬೈಕಿನಂಥದಲ್ಲ. ಕಲ್ಲು ಕೆಸರುಗಳಲ್ಲಿ ಹಾರಿಸಲೆಂದೇ ಯಾವುದೋ ದೇಶದವರು ಯಾವುದೋ ಕಾಲದಲ್ಲಿ ಮಾಡಿದ್ದು. ಕೊಡಗಿನ ಕಾಫಿ ತೋಟವೊಂದರ ಷೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಗಾಡಿಯನ್ನು ಇವನು ಲಾರಿಯಲ್ಲಿ ಪಿರಿಯಾಪಟ್ಟಣದ ಕಡೆಯ ಕೊಪ್ಪದವರೆಗೆ ತಂದು, ಅಲ್ಲಿಂದ ಊರಿಗೆ ತಳ್ಳಿಕೊಂಡು ಬಂದಿದ್ದ. ಮುಂದಿನ ಮಡ್‌ಗಾರ್ಡು ಎತ್ತರಕ್ಕೆ ನಿಂತದ್ದನ್ನು ನೋಡಿ ಊರವರು ಅದಕ್ಕೆ ಮಿಡತೆ ಎಂದು ಹೆಸರಿಟ್ಟರು.

ಹೆಂಡತಿ ಭಾಗ್ಯ ಬಾಣಂತನಕ್ಕೆ ಹೋಗಿದ್ದ ತವರು ಹೆಗ್ಗಡದೇವನಕೋಟೆಯಿಂದಾಚೆ ಕಾಡಿನಂಚಿನಲ್ಲಿತ್ತು. ಮಳೆಗಾಲದಲ್ಲಿ ಬಸ್ಸು ಕೋಟೆಯಲ್ಲೇ ಕೈಮುಗಿದು ನಿಲ್ಲುತ್ತಿತ್ತು. "ಎಸ್ರಿಡೋ ದಿನ ಮಿಡತೆ ಮ್ಯಾಲೇ ಬತ್ತೀನಿ, ನೋಡ್ತಿರಿ" ಎಂದು ಇವನು ಅತ್ತೆ ದೊಡ್ಡತಾಯಮ್ಮನ ಮುಂದೆ ಜಂಬ ಕೊಚ್ಚಿದ್ದ. ಮಗಳಿಗೆ ರಾಧಾ ಎಂದು ಹೆಸರಿಡಬೇಕೆಂಬುದು ಗಂಡ ಹೆಂಡಿರ ಆಸೆ. ಅತ್ತೆಯ ಆಸೆ ಬೇರೆ.

"ದೀಪ ಅಂಟ್ಸೋ ಹೊತ್ಗೆ ಅಪ್ಪ ಬಂದು ಕಿವೀಲಿ ಎಸ್ರು ಏಳ್ಲಿ. ಬರ್ನಿಲ್ಲ ಅಂದ್ರೆ ನಮ್ಮವ್ವನ ಎಸ್ರೇ ಗಟ್ಟಿ. ಮರಮ್ಮ ಅಂತ ನಾನೇ ಕೂಗ್ಬುಡ್ತೀನಿ" ಎಂದಿದ್ದಳು.

ಆದರೂ ಚಲುವರಾಜು ಹೆದರಲಿಲ್ಲ. ತೋಟದವರು ಬೈಕಿನ ಜೊತೆ ಹೊಸ ಚೈನೊಂದನ್ನೂ ಕೊಟ್ಟಿದ್ದರು. ಅದಕ್ಕೆ ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ. ಏಣಿ ಹತ್ತಿ ನೋಡಿದರೆ ಗೋಣಿತಾಟು ಇತ್ತು, ಚೈನು ಇರಲಿಲ್ಲ. ಅವ್ವನನ್ನು ಕೇಳೋಣವೆಂದರೆ ಅವಳೂ ಇಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನವೇ ಸಣ್ಣತಾಯಮ್ಮ ಗಂಟು ಕಟ್ಟಿಕೊಂಡು ಸೊಸೆಯ ತವರಿಗೆ ಹೋಗಿ ಅಲ್ಲೇ ಕೂತಿದ್ದಳು.

ಅಟ್ಟದಿಂದ ಇಳಿದವನಿಗೆ ಪಕ್ಕದ ಮನೆ ಮುದ್ದಯ್ಯನ ನಾಯಿಯ ಕತ್ತಿನಲ್ಲಿ ಏನೋ ಮಿನುಗಿದ್ದು ಕಂಡಿತು. ಓಡಿಹೋಗಿ ಕೈ ಹಾಕಿದ. ನಾಯಿ ಇವನ ಬಿಳಿ ಶರಟಿನ ತೋಳಿಗೆ ಬಾಯಿ ಹಾಕಿ ಪರ್ರನೆ ಹರಿದುಹಾಕಿತು.

"ಲೇ ಚಲುವ, ಅದು ಸಂತೇಲಿ ತಂದ ನಾಯಿ ಸರಪಣಿ ಕಣ್ಲಾ!" ಮುದ್ದಯ್ಯ ಬಾಯಿಬಾಯಿ ಬಡಿದುಕೊಂಡ. "ನನ್ ಮ್ಯಾಲೇ ಅನುಮಾನವಾ? ಆಗ್ಲಿ. ನಿಂಗೆ ಚೈನು ಕೊಡಿಸ್ದೆ ನಾನು ಇವತ್ತು ಮನೀಗೆ ಬರಾಕಿಲ್ಲ" ಎಂದು ಒಳಗೆ ಹೋಗಿ ಕೈಚೀಲ ಹಿಡಿದು ಬಂದ. ಅವನ ಸಹಾಯಕ್ಕಿಂತ ನಾಯಿಯೇ ವಾಸಿಯೆಂದು ಚಲುವರಾಜುವಿಗೆ ಆಗ ತಿಳಿಯಲಿಲ್ಲ.

ತುಂಡಾದ ಚೈನು ಹಿಡಿದುಕೊಂಡು ಇಬ್ಬರೂ ಪಿರಿಯಾಪಟ್ಟಣದ ಮೆಕ್ಯಾನಿಕ್ ಅಂಕಯ್ಯನ ಅಂಗಡಿಗೆ ಹೋದರು. ಅಂಕಯ್ಯ ಅದರ ಪಕ್ಕದಲ್ಲಿ ಒಂದೊಂದೇ ಚೈನು ಇಟ್ಟು ನೋಡಿದ. ಒಂದು ಅಗಲವಾಯಿತು, ಒಂದು ಸಣ್ಣದಾಯಿತು, ಇನ್ನೊಂದರ ಕೊಂಡಿಯೇ ಹೊಂದಲಿಲ್ಲ.

"ಹಳೇದು ಸವ್ದೋಗೈತೆ, ಕೂಡ್ಸಾಕಾಗಲ್ಲ. ಈ ಅಳತೇದು ಈ ಸೀಮೇಲೇ ಸಿಕ್ಕಲ್ಲ ಬುಡಪ್ಪ. ಸುಮ್ಕೆ ಬಸ್ ಹತ್ತಿ ಮಗೀನ ನೋಡೋಗು" ಎಂದ.

ಚಲುವರಾಜುವಿಗೂ ಹಾಗೇ ಅನ್ನಿಸಿತು. ಮುದ್ದಯ್ಯ ಬಿಡಬೇಕಲ್ಲ?

"ಬಸ್ಸಲ್ಲೋಗಿ ಅತ್ತೆಗೆ ಯಾವ ಮೊಕ ತೋರುಸ್ತೀಯ? ಭೇರ್ಯದಲ್ಲಿ ನಮ್ಮ ಭಾವನ ತಾವ ಇಂಥದ್ದೇ ಚೈನೈತೆ, ನಾನೇ ಕಣ್ಣಾರೆ ಕಂಡಿವ್ನಿ. ಮದ್ಯಾನಕ್ಕೆ ವಾಪಸ್ಸು!"

ಮರ್ಯಾದೆಯ ಮಾತು ಬಂದ ಮೇಲೆ ಚಲುವರಾಜು ಕರಗಿಹೋದ. ಹುಣಸೂರು, ಕೆ.ಆರ್. ನಗರ ದಾಟಿ ಬಸ್ಸು ಬದಲಿಸುತ್ತಾ ಭೇರ್ಯ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮುದ್ದಯ್ಯನ ಅಕ್ಕ ಹಿತ್ತಿಲಿನಿಂದ ಚೈನು ಎಳೆದು ತಂದಳು. ಒಂದೊಂದು ಕೊಂಡಿಯೂ ಹೆಬ್ಬೆರಳ ಗಾತ್ರವಿತ್ತು.

"ಇದು ಕಬ್ಬಿನಾಲು ತೆಗೆಯೋ ಮಿಷಿನ್ದು ಕಣಣ್ಣ!" ಎಂದ ಚಲುವರಾಜು.

"ಚೈನು ತಾನೆ? ವಸಿ ದಪ್ಪ, ಅಷ್ಟೇಯ" ಎಂದ ಮುದ್ದಯ್ಯ ಕೈಚೀಲ ಬಿಚ್ಚಿ, ಅಕ್ಕನಿಗೆಂದು ತಂದಿದ್ದ ಹುಣಸೆಹಣ್ಣು ಹೊರತೆಗೆದ. ಒಳಗಿನಿಂದ ಕೋಳಿಸಾರಿನ ಘಮ ಬಂತು. "ಕುಂತ್ಕೊಳ್ಳಲಾ, ಉಂಡು ಓಗಾನೆ."

ಚಲುವರಾಜು ಊಟಕ್ಕೆ ಕೂರಲಿಲ್ಲ. ಮುದ್ದಯ್ಯನನ್ನು ಕೋಳಿಸಾರಿಗೆ ಒಪ್ಪಿಸಿ ಬಸ್ಸಿಗೆ ಓಡಿದ. ಕೋಟೆಯಲ್ಲಿ ಇಳಿದಾಗ ಬೆಳಕು ಸೋರಿಹೋಗುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದದ ಕೆಸರಿನಲ್ಲಿ ನಡೆದ. ದೂರದ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುವುದು ಕಂಡು ಹೆಜ್ಜೆ ಬಿರುಸು ಮಾಡಿದ. ಮಿಡತೆಯೂ ಬೇಡ, ಮೀಸೆಯೂ ಬೇಡ, ಬೆಳಿಗ್ಗೆಯೇ ಬಸ್ಸು ಹತ್ತಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ.

ಅತ್ತೆಯ ಮನೆಯಲ್ಲಿ ದೀಪ ಆಗಲೇ ಉರಿಯುತ್ತಿತ್ತು. ದೊಡ್ಡತಾಯಮ್ಮ ಇವನ ಹರಿದ ತೋಳು, ಕೆಸರಿನ ಕಾಲು ಎಲ್ಲವನ್ನೂ ನೋಡಿ, "ಮಿಡತೆ ಎಲ್ಲಿ ಅಳಿಯಂದ್ರೇ?" ಎಂದಳು.

"ಎಸ್ರು ಇಟ್ಟಾಯ್ತಾ?" ಎಂದ ಚಲುವರಾಜು.

"ಎಲ್ಲಿ ಬುಟ್ಳು ನಿಮ್ಮೆಂಡ್ತಿ!"

"ಮಗು ಮಲಗೈತೆ, ಎಬ್ಬುಸ್ಬ್ಯಾಡಿ ಅಂತ ತಡ್ದಿವ್ನಿ ಕಣ್ರೀ" ಎಂದಳು ಭಾಗ್ಯ. ಅವಳ ಮಡಿಲಲ್ಲಿ ಮಗು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಚಲುವರಾಜುವಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಕೈಕಾಲು ತೊಳೆದು ಬಂದು, ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಲು ಬಗ್ಗಿದ. ತಲೆದೆಸೆಯಲ್ಲಿ ಕೈಗೆ ತಣ್ಣಗೆ ಏನೋ ತಗುಲಿತು. ನೋಡಿದರೆ ಅವನ ಹೊಸ ಚೈನು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸುರುಳಿ ಸುತ್ತಿ ಮಲಗಿತ್ತು.

"ಗಾಳಿಗೀಳಿ ಸೋಕ್ದಂಗೆ ಬಾಣಂತಿ ಮನೇಲಿ ಕಬ್ಣ ಇರ್ಬೇಕಲ್ಲಪ್ಪ" ಸಣ್ಣತಾಯಮ್ಮ ಹೆಮ್ಮೆಯಿಂದ ಹೇಳಿದಳು. "ಕುಡ್ಲು, ಹಾರೆ ಹೊಲಕ್ಕೆ ಬೇಕು. ನೀನು ಅಟ್ಟದಲ್ಲಿ ಎಣ್ಣೆ ಸವರಿ ಜ್ವಾಪಾನ ಮಾಡಿದ್ಯಲ್ಲ, ಒಳ್ಳೆ ಕಬ್ಣಾನೇ ಇರ್ಬೇಕು ಅಂತ ತಂದೆ. ಮಗು ಒಂದಿನಾನೂ ಬೆಚ್ಚಿಲ್ಲ ಕಣಪ್ಪ!"

ಚಲುವರಾಜು ಚೈನಿಗೆ ಕೈ ಚಾಚಿದ. ದೊಡ್ಡತಾಯಮ್ಮ ಅಡ್ಡ ಬಂದಳು.

"ಮುಟ್ಬ್ಯಾಡಿ! ಮೂರು ತಿಂಗ್ಳು ತುಂಬೋಗಂಟ ಅದು ಅಲ್ಲಾಡಂಗಿಲ್ಲ. ಬೇಕೇ ಬೇಕು ಅಂದ್ರೆ ತಗಂಡೋಗಿ, ಎಸ್ರು ನಾನಿಡ್ತೀನಿ. ಚೈನಾ, ಎಸ್ರಾ? ಯಾವ್ದಾರ ಒಂದು ಏಳಿ."

ಆ ಹೊತ್ತಿಗೆ ಸರಿಯಾಗಿ ಮಗು ಅಪ್ಪನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಚಲುವರಾಜು ಚೈನಿನ ಆಸೆ ಬಿಟ್ಟ. ಬಗ್ಗಿ, ಆ ಪುಟ್ಟ ಕಿವಿಯಲ್ಲಿ ಮೆಲ್ಲಗೆ "ರಾಧಾ" ಎಂದ. ಭಾಗ್ಯ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಬೈಕು ಹೋದರೂ ಹೆಸರು ಉಳಿಯಿತು ಎಂದು ಅವನ ಎದೆ ಹಗುರಾಯಿತು.

ಮಗು ಮಾತ್ರ ಕಿಟಾರನೆ ಕಿರುಚಿ ಅಳತೊಡಗಿತು. ಅಪ್ಪ ರಾಧಾ ಎಂದ, ಅಮ್ಮ ರಾಧಾ ಎಂದಳು. ಅಳು ಜೋರಾಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ದೊಡ್ಡತಾಯಮ್ಮ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು.

"ಬಾರವ್ವ ಬಾ, ನನ್ ಮರಮ್ಮ."

ಮಗು ತಟ್ಟನೆ ಅಳು ನಿಲ್ಲಿಸಿತು.