ಜೇಬಿಗೆ ಹಿಡಿಯುವ ಕ್ಯಾಮೆರಾ

ಸೋದರಮಾವನ ಕ್ಯಾಮೆರಾ ಚೀಲ ತೆರೆದರೆ ಹಳೆಯ ಚರ್ಮ ಮತ್ತು ಕರ್ಪೂರ ಬೆರೆತ ಒಂದು ವಾಸನೆ ಬರುತ್ತಿತ್ತು. ಅರವತ್ತು ತುಂಬಿದ ದಿನ ಬೆಳಿಗ್ಗೆ, ಹಳೇ ಕ್ಯಾಮೆರಾ ಅಂಗಡಿಯ ಬಾಗಿಲಲ್ಲಿ ಅದೇ ವಾಸನೆ ಮೂಗಿಗೆ ಬಡಿದಾಗ ಅಲ್ಪವಿರಾಮದವರು ಏಳು ವರ್ಷದ ಹುಡುಗನಾಗಿಬಿಟ್ಟರು.

ಮುದ್ರಣಾಲಯವೊಂದರಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿದವರು ಅವರು. ಮಾತಿನ ನಡುನಡುವೆ ನಿಂತು ಯೋಚಿಸುವುದರಿಂದ ಆ ಹೆಸರು. ಇಂದು ಅವರ ನಿವೃತ್ತಿ. ಮಧ್ಯಾಹ್ನ ಗುಂಪು ಫೋಟೋ, ಆಮೇಲೆ ಊಟ. ಪ್ರತಿವರ್ಷ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋದವನು ಪ್ರತಿವರ್ಷವೂ ಅಂಚಿನಲ್ಲಿ ನಿಂತ ಇವರನ್ನು ಕತ್ತರಿಸುತ್ತಿದ್ದ. ಗೋಡೆಯ ಮೇಲಿನ ಅಷ್ಟೂ ಫೋಟೋಗಳಲ್ಲಿ ಇವರ ಪಾಲಿಗೆ ಬಂದದ್ದು ಒಂದು ಮೊಣಕೈ, ಅರ್ಧ ಮೀಸೆ ಮತ್ತು ಹಲವು ಕಿವಿ. ಇವತ್ತಾದರೂ ಇಡಿಯಾಗಿ ಬರಬೇಕು, ಅದೊಂದೇ ಆಸೆ. ಅದಕ್ಕೇ ಸ್ವಂತ ಕ್ಯಾಮೆರಾ.

ಸಲಹೆ ಕೊಡಲು ಮುದ್ರಣಾಲಯದ ಇಬ್ಬರು ಬೆನ್ನು ಹತ್ತಿದ್ದರು.

"ಜೂಮ್ ಇರ್ಲೇಬೇಕು ಸಾರ್, ಚಂದ್ರನ ಮೇಲಿನ ಗುಂಡಿ ಕಾಣ್ಬೇಕು," ಎಂದಳು ಟೈಪಿಂಗ್ ಅಕ್ಕ.

"ಚಂದ್ರ ಏನು ನಿಮ್ಮ ಬೀಗರಾ? ಕ್ಯಾಮೆರಾ ಅಂದ್ರೆ ತೂಕ ಇರ್ಬೇಕು," ಎಂದ ಮಶಿನ್ ಮಾವ. ಅಚ್ಚಿನ ಯಂತ್ರ ಓಡಿಸುವ ಅವನಿಗೆ, ಒಬ್ಬನೇ ಎತ್ತಬಹುದಾದದ್ದು ವಸ್ತುವೇ ಅಲ್ಲ.

"ಇದೆಲ್ಲ ಯಾಕೆ, ಫೋನಲ್ಲೇ ತೆಗೀಬಹುದಲ್ಲ?" ಎಂದಳು ಅಕ್ಕ.

"ಫೋನಲ್ಲಿ ತೆಗೆದದ್ದು... ಫೋನಲ್ಲೇ ಸಮಾಧಿ," ಎಂದರು ಅಲ್ಪವಿರಾಮದವರು. "ನಂಗೆ... ದಿನಾ ಜೇಬಲ್ಲಿ ಇಟ್ಕೊಂಡು ಓಡಾಡೋ ಅಂಥದ್ದು ಬೇಕು. ಜೇಬೂ ಹರೀಬಾರ್ದು... ಜೇಬಲ್ಲಿದ್ದದ್ದೂ ಖಾಲಿಯಾಗ್ಬಾರ್ದು."

ಅಂಗಡಿಯವನು ಕೆಳಗಿನ ಕಪಾಟಿನಿಂದ ಮೂಲೆ ತರಚಿದ ಒಂದು ಬೆಳ್ಳಿ ಬಣ್ಣದ ಪುಟ್ಟ ಡಿಜಿಟಲ್ ಕ್ಯಾಮೆರಾ ತೆಗೆದ. ಅಲ್ಪವಿರಾಮದವರು ಅದನ್ನು ಅಂಗಿ ಜೇಬಿಗಿಳಿಸಿ ನಡೆದರು, ಬಗ್ಗಿದರು, ಕುಕ್ಕರುಗಾಲಲ್ಲಿ ಕೂತೆದ್ದರು. ಬೀಳಲಿಲ್ಲ.

"ಇದೇ."

"ಸೋಪಿನ ಡಬ್ಬಿ!" ಎಂದು ಇಬ್ಬರೂ ದಾರಿಯುದ್ದಕ್ಕೂ ನಕ್ಕರು.

ಮಧ್ಯಾಹ್ನ ಅಲ್ಪವಿರಾಮದವರಿಗೆ ನಡುವೆ ಕುರ್ಚಿ ಹಾಕಿ ಎಲ್ಲರೂ ಸಾಲಾಗಿ ನಿಂತರು. ಸ್ಟುಡಿಯೋದವನ ಒನಕೆಯಂಥ ಲೆನ್ಸು ಒಮ್ಮೆ 'ಟಿಕ್' ಎಂದು, ಮುನಿದ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡಿತು. ಬ್ಯಾಟರಿ ಸತ್ತಿತ್ತು. ಇನ್ನೊಂದು ಬ್ಯಾಟರಿ ಮನೆಯಲ್ಲಿತ್ತು.

"ಊಟ ಆರ್ತಾ ಇದೆ ಕಣ್ರೀ!" ಮುದ್ರಣಾಲಯದ ಯಜಮಾನರು ತಲೆಯ ಮೇಲೆ ಕೈ ಹೊತ್ತರು.

ಆಗ ಅಲ್ಪವಿರಾಮದವರು ಒರೆಯಿಂದ ಕತ್ತಿ ಹಿರಿದಂತೆ ಜೇಬಿನಿಂದ ಸೋಪಿನ ಡಬ್ಬಿ ಹಿರಿದರು.

"ಕೊಡಿ ಸಾರ್, ನಾನು ತೆಗೀತೀನಿ," ಸ್ಟುಡಿಯೋದವನು ಕೈ ಚಾಚಿದ.

"ನೀನಾ! ನಿನ್ನ ಕೈಗೆ ಕೊಟ್ರೆ ನನ್ನ ಕಿವಿ ಮಾತ್ರ ಬರುತ್ತೆ. ಹೋಗು, ನೀನೂ ನಿಂತ್ಕೋ. ಅಂಚಲ್ಲಿ!"

ಮೂವತ್ತೆರಡು ವರ್ಷದಲ್ಲಿ ಅವರು ತಡೆಯಿಲ್ಲದೆ ಆಡಿದ ಮೊದಲ ಮಾತು ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಕುರ್ಚಿಯಲ್ಲಿ ಬೇರೆ ಯಾರೂ ಕೂರದಂತೆ ಕನ್ನಡಕದ ಡಬ್ಬಿ ಇಟ್ಟು, ಒಬ್ಬೊಬ್ಬರ ಗುಂಡಿ, ಕಾಲರು ಸರಿಪಡಿಸಿ, ಹಿಂದೆ ಸರಿದು ಒತ್ತಿದರು. ಒಂದೇ ಏಟು! ಯಾರೂ ಕಣ್ಣು ಮಿಟುಕಿಸಿರಲಿಲ್ಲ.

ಇವರು ಕೆಂಪು ಶಾಯಿಯಲ್ಲಿ ಸಹಿ ಹಾಕದೆ ಆ ಮುದ್ರಣಾಲಯದಲ್ಲಿ ಏನೂ ಅಚ್ಚಾಗುತ್ತಿರಲಿಲ್ಲ. ಟೈಪಿಂಗ್ ಅಕ್ಕ ಫೋಟೋವನ್ನು ಕಂಪ್ಯೂಟರಿಗಿಳಿಸಿ ಒಂದು ಮಾದರಿ ಪ್ರತಿ ತೆಗೆದುಕೊಟ್ಟಳು. ಎಲ್ಲರೂ ಊಟಕ್ಕೆ ಓಡಿದಾಗ ಅವರೊಬ್ಬರೇ ಕೂತು ಫೋಟೋವನ್ನು ಕರಡಿನಂತೆ ಎಡದಿಂದ ಬಲಕ್ಕೆ, ಸಾಲುಸಾಲಾಗಿ ಓದಿದರು. ಕಿವಿ ಎಣಿಸಿದರು. ಇಪ್ಪತ್ತಾರು ಜನ, ಐವತ್ತೆರಡು ಕಿವಿ. ಟೈಪಿಂಗ್ ಅಕ್ಕ ಕೆಳಗೆ ಜೋಡಿಸಿದ್ದ ಸಾಲಿನಲ್ಲಿ ಒಂದು ಕೊಂಬು ತಿದ್ದಿ, 'ಅಚ್ಚಿಗೆ ಹೋಗಲಿ' ಎಂದು ಸಹಿ ಹಾಕಿದರು. ಮಶಿನ್ ಮಾವ ಕೈ ತೊಳೆದು ಬಂದವನೇ ಇನ್ನೂರು ಪ್ರತಿ ಹೊಡೆದ.

"ಭೇಷ್! ಆ ದೊಡ್ಡ ಕ್ಯಾಮೆರಾಕ್ಕೇ ಅಪ್ಪ ಇದು!" ಯಜಮಾನರು ಪ್ರತಿಯನ್ನು ಎತ್ತಿ ಹಿಡಿದರು. ಕೇಕೆ, ಸಿಳ್ಳೆ. ಮಶಿನ್ ಮಾವ ಅಲ್ಪವಿರಾಮದವರನ್ನು ಹೆಗಲ ಮೇಲೆ ಎತ್ತಿಕೊಂಡೇಬಿಟ್ಟ.

ಟೈಪಿಂಗ್ ಅಕ್ಕ ಮಾತ್ರ ಪ್ರತಿಯನ್ನು ಕಣ್ಣಿನ ಹತ್ತಿರ ತಂದಳು. "ಸಾರ್... ನೀವೆಲ್ಲಿ?"

ಎಲ್ಲರೂ ಬಗ್ಗಿ ನೋಡಿದರು. 'ನಡುವೆ ಕುಳಿತವರು: ಮೂವತ್ತೆರಡು ವರ್ಷ ಒಂದೂ ತಪ್ಪು ಬಿಡದ ನಮ್ಮ ಹಿರಿಯರು' ಎಂಬ ಸಾಲಿನ ಮೇಲೆ, ನಟ್ಟನಡುವಿನ ಕುರ್ಚಿಯಲ್ಲಿ, ಕನ್ನಡಕದ ಡಬ್ಬಿಯೊಂದು ಗಂಭೀರವಾಗಿ ಕುಳಿತಿತ್ತು.

"ನಾನು ತೆಗೀವಾಗ ಕಿವಿಯಾದ್ರೂ ಇರ್ತಿತ್ತು!" ಎಂದ ಸ್ಟುಡಿಯೋದವನು.

ನಗೆಗೆ ಕಿಟಕಿ ಗಾಜು ಅದುರಿತು. ಹೆಗಲ ಮೇಲಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. "ಇರ್ಲಿ ಬಿಡ್ರೋ... ಒಬ್ಬರ ಕಿವಿಯೂ ಹೋಗಿಲ್ಲ ನೋಡಿ!"

ಅವರಿನ್ನೂ ಉಂಡಿಲ್ಲವೆಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಪುಸ್ತಕಗಳಿಗೆ ಹೊಲಿಗೆ ಹಾಕುವ ಬೈಂಡಿಂಗ್ ಅಮ್ಮ ಮೂಲೆಯಿಂದ ಎದ್ದು ಬಂದಳು. ಅವರು ಕೆಳಗಿಳಿಯುವವರೆಗೆ ಕಾದು, ಮುಚ್ಚಿಟ್ಟಿದ್ದ ಊಟದ ತಟ್ಟೆಯನ್ನು ಅವರ ಕೈಗಿಟ್ಟಳು.